ವರ್ಚುವಲ್ ಮತ್ತು ಆಗ್‌ಮೆಂಟೆಡ್ ರಿಯಾಲಿಟಿ: ಮುಂಬಯಿಯಲ್ಲಿ ಉನ್ನತ ವ್ಯಾಸಂಗ

ಮುಂಬಯಿಯ ಉಪನಗರವಾದ ಬೋರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಕಾನ್ಹೇರಿ ಗುಹೆಗಳಿವೆ. ಬಸಾಲ್ಟ್ ಶಿಲೆಯಲ್ಲಿ ಕೊರೆದ ನೂರಕ್ಕೂ ಹೆಚ್ಚಿನ ಈ ಬೌದ್ಧ ಗುಹೆಗಳಲ್ಲಿ ಅನೇಕ ಶಾಸನಗಳಿದ್ದು, ಅವುಗಳಲ್ಲಿ ಕೆಲವು ಒಂಬತ್ತನೆಯ ಶತಮಾನದಲ್ಲಿ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರ ಸಾಮಂತರ ಕಾಲದವು. ಅವರ ಸಾರ್ವಭೌಮನೆಂದು ಅಲ್ಲಿ ಉಕ್ತನಾಗಿರುವವನು ಕನ್ನಡಿಗರಿಗೆ ಚಿರಪರಿಚಿತನಾದ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗ. ಆ ಅಕ್ಷರಗಳನ್ನು ಓದಬಲ್ಲವರು ಇಂದು ವಿರಳ. ಗೋಡೆಯ ಮುಂದೆ ನಿಂತ ಪ್ರವಾಸಿಯು ತನ್ನ ಮೊಬೈಲನ್ನು ಅದರತ್ತ ಹಿಡಿದಾಗ ಶಾಸನದ ಸಾಲುಗಳು ಪರದೆಯ ಮೇಲೆ ಸ್ಪಷ್ಟವಾಗಿ ಮೂಡಿ, ಕೆಳಗೆ ಕನ್ನಡದ ಅರ್ಥವೂ ಕಾಣಿಸಿಕೊಂಡಿತೆನ್ನಿ. ಅದು ಆಗ್‌ಮೆಂಟೆಡ್ ರಿಯಾಲಿಟಿ, ಅರ್ಥಾತ್ ವರ್ಧಿತ ವಾಸ್ತವ. ಬೀದರಿನ ಶಾಲೆಯೊಂದರಲ್ಲಿ ಕುಳಿತ ಬಾಲಕಿಯು ಕಣ್ಣಿಗೆ ಸಾಧನವೊಂದನ್ನು ಧರಿಸಿ ಅದೇ ಗುಹೆಯೊಳಗೆ ನಡೆದಾಡಿದ ಅನುಭವ ಪಡೆದರೆ ಅದು ವರ್ಚುವಲ್ ರಿಯಾಲಿಟಿ, ಕಲ್ಪಿತ ವಾಸ್ತವ. ಎರಡನ್ನೂ ಒಳಗೊಂಡ ಕ್ಷೇತ್ರಕ್ಕೆ ಎಕ್ಸ್‌ಟೆಂಡೆಡ್ ರಿಯಾಲಿಟಿ ಎಂಬ ಹೆಸರು ರೂಢಿಯಲ್ಲಿದೆ.

ಈ ವಿದ್ಯೆ ತೀರ ಹೊಸತೇನೂ ಅಲ್ಲ. ಅಮೆರಿಕದ ವಿಜ್ಞಾನಿ ಐವನ್ ಸದರ್‌ಲ್ಯಾಂಡ್ 1968ರಲ್ಲಿಯೇ ತಲೆಗೆ ಧರಿಸುವ ದೃಶ್ಯಸಾಧನವನ್ನು ಪ್ರದರ್ಶಿಸಿದ್ದರು. ಅದನ್ನು ಛಾವಣಿಗೆ ತೂಗುಹಾಕಬೇಕಾಗಿತ್ತು. ಸಾಮಾನ್ಯ ಮೊಬೈಲಿನಲ್ಲಿಯೇ ವರ್ಧಿತ ವಾಸ್ತವವು ಜನಸಾಮಾನ್ಯರ ಕೈಗೆ ಬಂದುದು 2016ರ ಪೋಕೆಮಾನ್ ಗೋ ಎಂಬ ಆಟದ ಮೂಲಕ.

ವಿದ್ಯಾರ್ಥಿಗಳು ಇಲ್ಲಿ ಕಲಿಯುವುದೇನು? ಮೊದಲನೆಯದು ಗಣಿತ. ತಲೆ ತಿರುಗಿಸಿದೊಡನೆ ದೃಶ್ಯವೂ ತಿರುಗಬೇಕಾದರೆ ಆ ಚಲನೆಯನ್ನು ಅಳೆದು, ಮ್ಯಾಟ್ರಿಕ್ಸ್‌ಗಳ ಮೂಲಕ ಲೆಕ್ಕಹಾಕಿ, ಎರಡು ಕಣ್ಣುಗಳಿಗೂ ಎರಡು ಬೇರೆ ಬೇರೆ ಚಿತ್ರಗಳನ್ನು ರಚಿಸಬೇಕು. ಐರಿಷ್ ಗಣಿತಜ್ಞ ಹ್ಯಾಮಿಲ್ಟನ್ 1843ರಲ್ಲಿ ಕಂಡುಹಿಡಿದ ಕ್ವಾಟರ್ನಿಯನ್ ಎಂಬ ಸಂಖ್ಯೆಗಳು ವಸ್ತುಗಳ ಪರಿಭ್ರಮಣವನ್ನು ನಿರೂಪಿಸಲು ಇಂದು ಇಲ್ಲಿ ನಿತ್ಯ ಬಳಕೆಯಲ್ಲಿವೆ. ಅನೇಕ ಸಾಧನಗಳಲ್ಲಿ ಚಿತ್ರವು ಸೆಕೆಂಡಿಗೆ 90 ಬಾರಿ ಬದಲಾಗುತ್ತದೆ. ತಲೆಯ ಚಲನೆಗೂ ಚಿತ್ರದ ಬದಲಾವಣೆಗೂ ನಡುವಣ ಅಂತರವು ಸುಮಾರು 20 ಮಿಲಿಸೆಕೆಂಡು ಮೀರಬಾರದೆಂಬುದು ತಜ್ಞರ ಸಾಮಾನ್ಯ ಮಾನದಂಡ. ಮೀರಿದರೆ, ಘಟ್ಟದ ರಸ್ತೆಯ ಬಸ್ಸಿನಲ್ಲಿ ಆಗುವಂತೆಯೇ ತಲೆಸುತ್ತು, ವಾಕರಿಕೆ ಉಂಟಾಗಬಹುದು. ಆದುದರಿಂದ ಇಲ್ಲಿ ಪ್ರೋಗ್ರಾಂ ಬರೆಯುವವನ ಆಲಸ್ಯವು ನೋಡುಗನ ಹೊಟ್ಟೆಗೆ ತಾಗುತ್ತದೆ! ಯೂನಿಟಿ ಮತ್ತು ಅನ್‌ರಿಯಲ್ ಎಂಬ ತಂತ್ರಾಂಶಗಳು ಪ್ರಮುಖವಾಗಿ ಬಳಕೆಯಲ್ಲಿದ್ದು, ಮೊದಲನೆಯದಕ್ಕೆ ಸಿ ಶಾರ್ಪ್, ಎರಡನೆಯದಕ್ಕೆ ಸಿ ಪ್ಲಸ್ ಪ್ಲಸ್ ಭಾಷೆಯ ಜ್ಞಾನ ಬೇಕು.

ಇನ್ನೊಂದು ಮುಖವು ವಿನ್ಯಾಸದ್ದು. ಚಲನಚಿತ್ರದಲ್ಲಿ ನಿರ್ದೇಶಕನು ತೋರಿಸಿದ್ದನ್ನು ಮಾತ್ರ ಪ್ರೇಕ್ಷಕನು ನೋಡುತ್ತಾನೆ. ಇಲ್ಲಿ ಅವನು ಬೆನ್ನು ತಿರುಗಿಸಿ ನಿಲ್ಲಬಹುದು. ಅವನ ಗಮನವನ್ನು ಧ್ವನಿಯಿಂದಲೋ ಬೆಳಕಿನಿಂದಲೋ ಸೆಳೆಯುವ ಬಗೆ, ಕುಳಿತೇ ಬಳಸಬೇಕಾದವರಿಗೆ ವಸ್ತುಗಳು ಕೈಗೆಟಕುವ ಎತ್ತರ, ಅಕ್ಷರಗಳ ಗಾತ್ರ ಇವೆಲ್ಲವೂ ಅಧ್ಯಯನದ ವಿಷಯಗಳೇ. ಒತ್ತಕ್ಷರಗಳುಳ್ಳ ಕನ್ನಡಕ್ಕೆ ಈ ಕೊನೆಯ ಅಂಶವು ವಿಶೇಷವಾಗಿ ಅನ್ವಯಿಸುತ್ತದೆ. ಪ್ರಾಸಂಗಿಕವಾಗಿ ಹೇಳುವುದಾದರೆ, ವಿಂಡೋಸ್ ಗಣಕಗಳಲ್ಲಿ ಬಂದ ‘ತುಂಗಾ’ ಎಂಬ ಕನ್ನಡ ಅಕ್ಷರಶೈಲಿ ರೂಪುಗೊಂಡುದು ಮುಂಬಯಿಯಲ್ಲಿಯೇ. ಅದರ ಪ್ರಧಾನ ವಿನ್ಯಾಸಕಾರರು ಪ್ರೊ. ಆರ್. ಕೆ. ಜೋಶಿ.

ಜೋಶಿಯವರು ಅಧ್ಯಾಪಕರಾಗಿದ್ದ ಪವಾಯಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಔದ್ಯೋಗಿಕ ವಿನ್ಯಾಸ ಕೇಂದ್ರವು 1969ರಲ್ಲಿ ಸ್ಥಾಪಿತವಾಯಿತು. ಅಲ್ಲಿ ವಿನ್ಯಾಸದ ಸ್ನಾತಕ ಪದವಿ ಶಿಕ್ಷಣವು 2015ರಲ್ಲಿ ಆರಂಭವಾಗಿದ್ದು, ಪ್ರವೇಶಕ್ಕೆ ಯುಸೀಡ್ ಎಂಬ ಪರೀಕ್ಷೆಯಿದೆ. ಹಲವು ಪೋಷಕರು ಅರಿಯದಿರುವ ಸಂಗತಿಯೆಂದರೆ, ಕಲಾ ಮತ್ತು ವಾಣಿಜ್ಯ ವಿಭಾಗಗಳಲ್ಲಿ ಪಿಯುಸಿ ಮುಗಿಸಿದವರೂ ಈ ಪರೀಕ್ಷೆಗೆ ಅರ್ಹರು. ಇದರಲ್ಲಿ ಗಣಕದ ಮೇಲೆ ಉತ್ತರಿಸುವ ಭಾಗದ ಜೊತೆಗೆ ಚಿತ್ರ ಬರೆಯುವ ಭಾಗವೂ ಇದೆ. ಪ್ರಶ್ನೆಗಳು ಇಂಗ್ಲಿಷಿನಲ್ಲಿರುವುದರಿಂದ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳು ಒಂದೆರಡು ವರ್ಷ ಮೊದಲೇ ಸಿದ್ಧತೆ ಆರಂಭಿಸುವುದು ಉಚಿತ. ಪದವೀಧರರಿಗೆ ಸೀಡ್ ಪರೀಕ್ಷೆಯ ಮೂಲಕ ಸಂವಹನಾತ್ಮಕ ವಿನ್ಯಾಸ, ಆನಿಮೇಷನ್ ಮೊದಲಾದ ವಿಷಯಗಳಲ್ಲಿ ಎರಡು ವರ್ಷಗಳ ಸ್ನಾತಕೋತ್ತರ ವ್ಯಾಸಂಗವುಂಟು. ಗಣಿತದಲ್ಲಿ ಒಲವುಳ್ಳವರಿಗೆ ಗಣಕ ಇಂಜಿನಿಯರಿಂಗ್ ಪದವಿ ಇನ್ನೊಂದು ಮಾರ್ಗ.

ಕೇಂದ್ರ ಸರ್ಕಾರವು ಈ ಕ್ಷೇತ್ರವನ್ನು ಆನಿಮೇಷನ್, ವಿಷುವಲ್ ಎಫೆಕ್ಟ್ಸ್, ಗೇಮಿಂಗ್ ಮತ್ತು ಕಾಮಿಕ್ಸ್‌ಗಳೊಡನೆ ಸೇರಿಸಿ ಪರಿಗಣಿಸಿದೆ. 2022ರಲ್ಲಿ ಕಾರ್ಯಪಡೆಯೊಂದು ನೇಮಕವಾಯಿತು. ಮುಂಬಯಿಯಲ್ಲಿ ರಾಷ್ಟ್ರೀಯ ಉತ್ಕೃಷ್ಟತಾ ಕೇಂದ್ರ ಸ್ಥಾಪಿಸಲು ಕೇಂದ್ರ ಸಚಿವ ಸಂಪುಟವು 2024ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ನೀಡಿತು. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಕ್ರಿಯೇಟಿವ್ ಟೆಕ್ನಾಲಜೀಸ್ ಎಂಬ ಹೆಸರಿನ ಈ ಸಂಸ್ಥೆಯ ಮೊದಲ ಆವರಣವು 2025ರ ಜುಲೈ ತಿಂಗಳಲ್ಲಿ ಪೆಡ್ಡರ್ ರಸ್ತೆಯ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ ಪ್ರಾಂಗಣದಲ್ಲಿ ಉದ್ಘಾಟನೆಗೊಂಡಿತು. ವಿಸ್ತೃತ ಆವರಣಕ್ಕೆ ಗೋರೆಗಾಂವ್‌ನ ಚಿತ್ರನಗರಿಯಲ್ಲಿ 10 ಎಕರೆ ಭೂಮಿ ಗೊತ್ತುಮಾಡಲಾಗಿದೆ.

ಆದರೂ ಎಚ್ಚರಿಕೆಯ ಮಾತೊಂದನ್ನು ಇಲ್ಲಿ ಹೇಳಲೇಬೇಕು. ಕಾಂದಿವಲಿಯಲ್ಲೋ ಮುಲುಂಡಿನಲ್ಲೋ ಹೋಟೆಲು, ಕಚೇರಿಗಳಲ್ಲಿ ದುಡಿಯುವ ಕುಟುಂಬವೊಂದು ಮಗನ ಅಥವಾ ಮಗಳ ಭವಿಷ್ಯಕ್ಕೆಂದು ಉಳಿಸಿದ ಹಣವನ್ನು ಆಕರ್ಷಕ ಜಾಹೀರಾತು ನೋಡಿ ಕಟ್ಟಿಬಿಡುವುದುಂಟು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 1956ರ ಕಾಯ್ದೆಯ ಪ್ರಕಾರ, ಶಾಸನಬದ್ಧವಾಗಿ ಸ್ಥಾಪಿತವಾದ ವಿಶ್ವವಿದ್ಯಾನಿಲಯ, ಅಂತಹ ಮಾನ್ಯತೆ ಪಡೆದ ಸಂಸ್ಥೆ ಅಥವಾ ಸಂಸತ್ತಿನಿಂದ ಅಧಿಕಾರ ಪಡೆದ ಸಂಸ್ಥೆ ಮಾತ್ರ ಪದವಿ ನೀಡಬಹುದು. ನಕಲಿ ವಿಶ್ವವಿದ್ಯಾನಿಲಯಗಳ ಪಟ್ಟಿಯನ್ನು ಆಯೋಗವು ಪ್ರಕಟಿಸುತ್ತದೆ. ದೊರೆಯುವುದು ಪದವಿಯೋ, ಡಿಪ್ಲೊಮಾವೋ, ಕೇವಲ ಪ್ರಮಾಣಪತ್ರವೋ ಎಂಬುದನ್ನು ಲಿಖಿತವಾಗಿ ಕೇಳಿ ಪಡೆಯಬೇಕು. ಹಳೆಯ ವಿದ್ಯಾರ್ಥಿಗಳು ನಿರ್ಮಿಸಿದ ಕೃತಿಗಳನ್ನು ನೋಡಬೇಕು. ಪ್ರಯೋಗಾಲಯದಲ್ಲಿ ಎಷ್ಟು ಸಾಧನಗಳಿವೆ, ಎಷ್ಟು ಮಂದಿಗೆ ಒಂದು ಎಂದೂ ವಿಚಾರಿಸಬೇಕು.

ಶುಲ್ಕ ಕಟ್ಟುವ ಮುನ್ನ ಆಸಕ್ತಿಯನ್ನು ಪರೀಕ್ಷಿಸಿಕೊಳ್ಳಲು ಖರ್ಚಿಲ್ಲದ ದಾರಿಯೂ ಇದೆ. ಬ್ಲೆಂಡರ್ ಎಂಬ ತಂತ್ರಾಂಶವು ಸಂಪೂರ್ಣ ಉಚಿತ. ಕಲ್ಪಿತ ವಾಸ್ತವದ ಬಗೆಗೆ ಪ್ರೊ. ಸ್ಟೀವನ್ ಲವಾಲ್ ಅವರು ನೀಡಿದ ಉಪನ್ಯಾಸಗಳನ್ನು ಎನ್‌ಪಿಟಿಇಎಲ್ ಮೂಲಕ ಉಚಿತವಾಗಿ ನೋಡಬಹುದು. ಮಾನ್ಯತೆ ಪಡೆದ ಅಗ್ರಶ್ರೇಣಿಯ ಸಂಸ್ಥೆಗಳಲ್ಲಿ ಪ್ರವೇಶ ಪಡೆದವರಿಗೆ, 2024ರ ನವೆಂಬರಿನಲ್ಲಿ ಅನುಮೋದಿತವಾದ ಪ್ರಧಾನ ಮಂತ್ರಿ ವಿದ್ಯಾಲಕ್ಷ್ಮಿ ಯೋಜನೆಯಡಿ ಆಧಾರ ಒತ್ತೆಯಿಲ್ಲದೆ ಸಾಲ ದೊರೆಯುತ್ತದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಳವರೆಗಿದ್ದು, ಸರ್ಕಾರದ ಬೇರೆ ವಿದ್ಯಾರ್ಥಿವೇತನ ಅಥವಾ ಬಡ್ಡಿ ನೆರವು ಪಡೆಯದ ವಿದ್ಯಾರ್ಥಿಗಳು 10 ಲಕ್ಷ ರೂಪಾಯಿಗಳವರೆಗಿನ ಸಾಲಕ್ಕೆ ಶೇಕಡಾ 3ರಷ್ಟು ಬಡ್ಡಿ ರಿಯಾಯಿತಿ ಕೋರಿ ಅರ್ಜಿ ಸಲ್ಲಿಸಬಹುದು.