ಹೆಸರು ಬೀಳುವಾಗಲೇ ಎದೆ ಢವಢವ

ಸಿನಿಮಾದಲ್ಲಿ ಹೆಸರುಗಳು ಬೀಳುವ ಹೊತ್ತೆಂದರೆ ನಮ್ಮವರಿಗೆ ಕಡಲೆಕಾಯಿ ಹಂಚುವ, ಮಕ್ಕಳನ್ನು ಕೂರಿಸುವ ಹೊತ್ತು. ಆಲ್‌ಫ್ರೆಡ್ ಹಿಚ್‌ಕಾಕ್‌ರ ‘ಸೈಕೋ’ (1960) ನೋಡುವಾಗ ಮಾತ್ರ ದಯವಿಟ್ಟು ಹಾಗೆ ಮಾಡಬೇಡಿ.

ಸಾಲ್ ಬಾಸ್ ರೂಪಿಸಿದ ಆ ಶೀರ್ಷಿಕೆಗಳಲ್ಲಿ ಕತ್ತಿಯಿಲ್ಲ, ರಕ್ತವಿಲ್ಲ, ಒಂದು ನರಪಿಳ್ಳೆಯೂ ಇಲ್ಲ. ಬರೀ ಗೆರೆಗಳು. ಅಡ್ಡಡ್ಡಲಾಗಿ, ಉದ್ದುದ್ದವಾಗಿ ನುಗ್ಗಿ ಬರುತ್ತವೆ. ಹೆಸರುಗಳು ಸೀಳಿದ ಚೂರುಗಳಾಗಿ ಬಂದು, ಓದುವಷ್ಟು ಹೊತ್ತು ಕೂಡಿಕೊಂಡು, ಮತ್ತೆ ಸರಿದುಹೋಗುತ್ತವೆ. ಇಲ್ಲಿ ಯಾವುದೂ ನೆಟ್ಟಗೆ ನಿಲ್ಲದೆಂಬುದು ಕಥೆಗೆ ಮುನ್ನವೇ ಮನಸ್ಸಿಗೆ ತಾಗುತ್ತದೆ.

ಒಂದೊಂದೇ ಅಂಶವನ್ನು ತೆಗೆದು ಪರೀಕ್ಷಿಸುವುದು ನಮ್ಮ ರಸಾಯನಶಾಲೆಯ ಚಾಳಿ. ಧ್ವನಿ ಆರಿಸಿ ನೋಡಿದೆ: ಗೆರೆಗಳು ಚೌಕಳಿ ಸೀರೆಯಷ್ಟು ನಿರುಪದ್ರವಿ! ಧ್ವನಿ ಹಾಕಿದೆ. ಬರ್ನಾರ್ಡ್ ಹರ್ಮನ್‌ರ ಸಂಗೀತ ಬರೀ ತಂತಿವಾದ್ಯಗಳದು, ತುತ್ತೂರಿಯಿಲ್ಲ, ತಮಟೆಯಿಲ್ಲ. ಕಮಾನಿನ ಕಡಿದು ಕಡಿದು ಬರುವ ಏಟಿಗೆ ಗೆರೆಗಳು ಓಡಿದಾಗ ಕುರ್ಚಿಯ ಕೈ ಹಿಡಿಯಬೇಕಾಗುತ್ತದೆ. ನನ್ನ ಮಟ್ಟಿಗೆ ಭಯದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹರ್ಮನ್‌ರದೇ.

ಬಳಿಕ ಹಾಡುಹಗಲಿನ ಫೀನಿಕ್ಸ್ ನಗರ. ಊರು, ವಾರ, ತಾರೀಕು, ಕೊನೆಗೆ ಗಂಟೆ 2.43 ಎಂದು ಅಕ್ಷರಗಳು ತಿಳಿಸುತ್ತವೆ. ಇಷ್ಟು ಖಚಿತವಾಗಿ ಹೇಳಿದ ಮೇಲೆ ಈಗಲೇ ಏನೋ ಆಗಬೇಕಲ್ಲ? ಆಗುವುದಿಲ್ಲ. ಕ್ಯಾಮರಾ ಕಿಟಕಿಯೊಂದರ ಪಟ್ಟಿಪರದೆಯ ಕೆಳಗೆ ಮೆಲ್ಲನೆ ನುಸುಳುತ್ತದೆ. ಅದರಲ್ಲೂ ಅವೇ ಅಡ್ಡಗೆರೆಗಳು. ಕೊಲೆಗೆ ಇನ್ನೂ ಸುಮಾರು ಮುಕ್ಕಾಲು ಗಂಟೆ ಇದೆ.