ಅಕ್ಷರ ಮೆಚ್ಚುವವರಿಗೆ ಏನು ಉಡುಗೊರೆ ಕೊಡೋಣ?

ಧರ್ಮಪುರಿ, ಸೇಲಂ ಕಡೆ ಮದುವೆಗೋ ಗೃಹಪ್ರವೇಶಕ್ಕೋ ಹೋಗುವವರು ಒಂದು ಕೊಡವನ್ನೋ ತಟ್ಟೆಯನ್ನೋ ಕೊಂಡು, ಅದರ ಮೇಲೆ ಹೆಸರು ಹಾಕಿಸಿ ಕೊಡುವುದು ಹಳೆಯ ರೂಢಿ. ಪಾತ್ರೆ ಅಂಗಡಿಯ ಹುಡುಗ ಗುಂಯ್ ಎನ್ನುವ ಪುಟ್ಟ ಯಂತ್ರ ಹಿಡಿದು, ಎರಡು ನಿಮಿಷದಲ್ಲಿ ಕೊಟ್ಟವರ ಹೆಸರು, ತಾರೀಕು ಕೆತ್ತಿಬಿಡುತ್ತಾನೆ. ಸಾಮಾನ್ಯವಾಗಿ ತಮಿಳಿನಲ್ಲಿ. ಕನ್ನಡದಲ್ಲಿ ಬೇಕು ಎಂದರೆ ಚೀಟಿಯಲ್ಲಿ ಬರೆದುಕೊಡಬೇಕು, ಅವನು ನೋಡಿಕೊಂಡು ಕೆತ್ತುತ್ತಾನೆ.

ಅಂಗಡಿ ಬೋರ್ಡು, ಲಗ್ನಪತ್ರಿಕೆ, ಬಸ್ಸಿನ ಹಲಗೆ ಎಲ್ಲೇ ಚೆಂದದ ಅಕ್ಷರ ಕಂಡರೂ ನಿಂತು ನೋಡುವವರು ಪ್ರತಿ ಊರಿನಲ್ಲೂ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಅಂಥವರಿಗೆಂದೇ ಈಗ ಮಗ್, ಟೀ ಶರ್ಟ್, ಪೋಸ್ಟರ್, ಕೀ ಚೈನ್ ಎಲ್ಲ ಸಿಗುತ್ತವೆ. ಆದರೆ ಹೆಚ್ಚಿನವು ಇಂಗ್ಲಿಷ್ ಅಕ್ಷರದವು. ಕನ್ನಡದ್ದು ಬೇಕೆಂದರೆ ಬೆಂಗಳೂರಿನಿಂದ ತರಿಸಬೇಕು, ಇಲ್ಲವೇ ಇಲ್ಲೇ ಮಾಡಿಸಬೇಕು. ಇಲ್ಲೇ ಮಾಡಿಸುವುದು ಕಷ್ಟವೇನಲ್ಲ, ಆದರೆ ಎಲ್ಲಿ ತಪ್ಪಾಗುತ್ತದೆ ಎಂದು ಗೊತ್ತಿರಬೇಕು.

ಗಡಿ ಭಾಗದಲ್ಲಿ ಇದು ಬರೀ ಶೋಕಿಯ ಮಾತಲ್ಲ. ತಮಿಳುನಾಡಿನಲ್ಲಿ 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ಒಂದನೇ ತರಗತಿಯಿಂದ ಹಂತಹಂತವಾಗಿ ತಮಿಳು ಕಡ್ಡಾಯವಾಯಿತು. ಸೇಲಂ ಸೀಮೆಯ ದೇವಾಂಗ ನೇಕಾರರ ಅನೇಕ ಮನೆಗಳಲ್ಲಂತೂ ಅದಕ್ಕೂ ಎಷ್ಟೋ ಮೊದಲಿನಿಂದ ಮಾತು ಕನ್ನಡ, ಬರಹ ತಮಿಳು. ಅಜ್ಜಿಯ ಜೊತೆ ಕನ್ನಡದಲ್ಲೇ ಹರಟುವ ಮೊಮ್ಮಗನಿಗೆ ತನ್ನ ಹೆಸರಿನ ಕನ್ನಡ ಅಕ್ಷರ ಗೊತ್ತಿರುವುದಿಲ್ಲ. ಇದೇ ಧರ್ಮಪುರಿಯಲ್ಲಿ ನೊಳಂಬರ ಕಾಲದ, 9ನೇ ಶತಮಾನದ ಕನ್ನಡ ಶಾಸನ ಸಿಕ್ಕಿದೆ. ಹೊಗೇನಕಲ್ ಎಂಬ ಹೆಸರಿನಲ್ಲಿರುವ ಹೊಗೆ, ಕಲ್ಲು ಎರಡೂ ಕನ್ನಡಿಗರಿಗೆ ಕೇಳಿದೊಡನೆ ತಿಳಿಯುತ್ತವೆ. ಮನೆಯೊಳಗೆ ಮಾತ್ರ ಕನ್ನಡ ಅಕ್ಷರ ಇರುವ ವಸ್ತು ಹುಡುಕಿದರೂ ಸಿಗದು. ಇಂಥ ಮನೆಗೆ ದಿನವೂ ಕಣ್ಣಿಗೆ ಬೀಳುವ ವಸ್ತು ಕೊಡುವುದೇ ಲೇಸು.

ಹಾಗೆ ನೋಡಿದರೆ ಎಲ್ಲಕ್ಕಿಂತ ಒಳ್ಳೆಯ ಉಡುಗೊರೆ ಆ ಹಳೆಯ ಸ್ಟೀಲ್ ತಟ್ಟೆಯೇ. ಸೇಲಂ ಉಕ್ಕು ಕಾರ್ಖಾನೆಯಲ್ಲಿ 1980ರ ದಶಕದಲ್ಲಿ ಸ್ಟೇನ್‌ಲೆಸ್ ತಗಡು ತಯಾರಾಗತೊಡಗಿದ ಮೇಲೆ 'ಸೇಲಂ ಸ್ಟೀಲ್' ಎಂಬುದು ಅಡುಗೆಮನೆಯ ಮಾತೇ ಆಗಿಹೋಯಿತು. ಮಗ್ಗಿನ ಬಣ್ಣ ತೊಳೆದು ತೊಳೆದು ಮಾಸುತ್ತದೆ. ಸ್ಟೀಲಿನಲ್ಲಿ ಕೆತ್ತಿದ್ದು ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ತಪ್ಪು ಕೆತ್ತಿದರೆ ಅದೂ ಇರುತ್ತದೆ!

ಕೆತ್ತುವವನಿಗೆ ಕನ್ನಡ ಓದಲು ಬರುವುದಿಲ್ಲ, ಅವನು ಚಿತ್ರ ಬಿಡಿಸಿದಂತೆ ಕೆತ್ತುತ್ತಾನೆ ಎಂಬುದು ನೆನಪಿರಲಿ. ಹಾಗಾಗಿ ಚೀಟಿಯಲ್ಲಿ ಕೂಡಿಸಿ ಬರೆಯಬೇಡಿ, ಒಂದೊಂದು ಅಕ್ಷರವನ್ನೂ ದೊಡ್ಡದಾಗಿ ಬಿಡಿಬಿಡಿಯಾಗಿ ಬರೆಯಿರಿ. ಸಾಮಾನ್ಯವಾಗಿ ಬಿಟ್ಟುಹೋಗುವುದು ಮಹಾಪ್ರಾಣದ ಸಣ್ಣ ಸೀಳು. ಧರ್ಮ ಹೋಗಿ ದರ್ಮ ಆಗುತ್ತದೆ, ಭಾರತಿ ಹೋಗಿ ಬಾರತಿ ಆಗುತ್ತದೆ. ಆಮೇಲೆ ದೀರ್ಘ: ಗೀತಾ ಎಂಬುದು ಗಿತಾ. ತಾರೀಕನ್ನು ಕನ್ನಡ ಅಂಕಿಯಲ್ಲಿ ಹಾಕಿಸುವವರು ೬ ಮತ್ತು ೯ರ ಬಾಲ ಯಾವ ಕಡೆಗೆ ಎಂದು ಎರಡು ಸಲ ನೋಡಲಿ. ಹೆಸರನ್ನು ತಮಿಳಿನಲ್ಲಿ ಬರೆದುಕೊಟ್ಟು 'ಇದನ್ನೇ ಕನ್ನಡದಲ್ಲಿ ಹಾಕಿ' ಎನ್ನುವುದಂತೂ ಬೇಡವೇ ಬೇಡ. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ, ಪ, ಬ ಎರಡಕ್ಕೂ ಒಂದೇ. ಫೋನಿನಲ್ಲಿ ಲಿಪಿ ಬದಲಿಸಿ ಹಾಗೆಯೇ ಅಚ್ಚು ಹಾಕಿಸಿದರೆ ಗೀತಾ ಕೀತಾ ಆಗಬಹುದು, ಬಾಬಣ್ಣ ಪಾಪಣ್ಣ ಆಗಬಹುದು.

ಮಗ್, ಟೀ ಶರ್ಟ್ ಮಾಡಿಸುವವರಿಗೆ ಬೇರೆ ಪಾಡು. ಡಿಟಿಪಿ ಅಂಗಡಿಗಳ ಕಂಪ್ಯೂಟರಿನಲ್ಲಿ ತಮಿಳು ಫಾಂಟ್ ರಾಶಿ ರಾಶಿ ಇರುತ್ತವೆ, ಕನ್ನಡದ್ದು ಒಂದೂ ಇಲ್ಲದಿರಬಹುದು. ಹಳೆಯ ಡಿಸೈನ್ ಸಾಫ್ಟ್‌ವೇರ್ ಆದರೆ ಒತ್ತಕ್ಷರ ಕೂಡುವುದಿಲ್ಲ. 'ಅಮ್ಮ' ಎಂದು ಕೊಟ್ಟರೆ 'ಅಮ್‌ಮ' ಎಂದು ಬರುತ್ತದೆ, 'ಅಕ್ಕ' ಎಂದರೆ 'ಅಕ್‌ಕ'. ತಮಿಳಿನಲ್ಲಿ ಅಕ್ಷರದ ತಲೆಯ ಮೇಲೆ ಚುಕ್ಕಿ ಇಟ್ಟು ಪಕ್ಕದಲ್ಲಿ ಇನ್ನೊಂದು ಬರೆಯುವುದೇ ಕ್ರಮವಾದ್ದರಿಂದ ಅಂಗಡಿಯವರಿಗೆ ಇದು ತಪ್ಪು ಎಂದೇ ಅನಿಸುವುದಿಲ್ಲ. ನುಡಿ, ಬರಹದ ಹಳೆಯ ಫಾಂಟಿನಲ್ಲಿ ಬರೆದ ಕಡತ ಒಯ್ದರೆ ಇನ್ನೂ ತಮಾಷೆ. ಆ ಫಾಂಟ್ ಇಲ್ಲದ ಕಡೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಚಿತ್ರಾನ್ನ ಕಾಣುತ್ತದೆ.

ಉಪಾಯ ಸುಲಭ. ಕನ್ನಡ ಸರಿಯಾಗಿ ಮೂಡುವ ಕಂಪ್ಯೂಟರಿನಲ್ಲಿ ಯೂನಿಕೋಡ್ ಅಕ್ಷರದಲ್ಲಿ ಬರೆದು, ಪಿಡಿಎಫ್ ಮಾಡಿಯೋ ದೊಡ್ಡ ಚಿತ್ರವಾಗಿಯೋ ಒಯ್ಯಿರಿ. ಡಿಟಿಪಿಯವರ ಭಾಷೆಯಲ್ಲಿ ಹೇಳುವುದಾದರೆ 'ಕರ್ವ್ ಮಾಡಿದ' ಕಡತ. ಆಗ ಅಂಗಡಿಯಲ್ಲಿ ಫಾಂಟ್ ಇಲ್ಲದಿದ್ದರೂ ಅಕ್ಷರ ಕೆಡುವುದಿಲ್ಲ. ಮಗ್ಗಿಗೆ ಶಾಖ ಕೊಟ್ಟು ಬಣ್ಣ ಇಳಿಸುವಾಗ ಕಾಗದದ ಮೇಲೆ ಅಚ್ಚು ಉಲ್ಟಾ ಇರಬೇಕು. ತಿರುಗಿಸುವುದು ಮರೆತರೆ ಮಗ್ಗಿನ ಮೇಲೆ ಕನ್ನಡಿಯೊಳಗಿನ ಕನ್ನಡ ಮೂಡುತ್ತದೆ, ಲಿಪಿ ಗೊತ್ತಿಲ್ಲದವರಿಗೆ ಅದು ಕಾಣುವುದೇ ಇಲ್ಲ. ಮೊದಲು ಒಂದೇ ಒಂದು ಮಾಡಿಸಿ, ನೋಡಿ, ಆಮೇಲೆ ಉಳಿದದ್ದು.

ಫಾಂಟಿಗೆ ದುಡ್ಡು ಕೊಡಬೇಕಿಲ್ಲ. ನೋಟೋ, ತಿರೋ ಕನ್ನಡ, ಅಕಾಯ ಕನ್ನಡಕ, ಹುಬ್ಬಳ್ಳಿ ಮುಂತಾದವು ಮುಕ್ತ ಪರವಾನಗಿಯಲ್ಲಿ ಉಚಿತವಾಗಿ ಸಿಗುತ್ತವೆ, ಅವುಗಳಿಂದ ಮಾಡಿದ ವಸ್ತುವನ್ನು ಮಾರಲೂಬಹುದು. ಗಡಿಯವರಿಗೆ ಹೇಳಿ ಮಾಡಿಸಿದಂತಿರುವುದು ಮುಂಬೈಯ ಏಕ್ ಟೈಪ್ ಸಂಸ್ಥೆಯ ಬಲೂ. ದುಂಡಗೆ, ದಪ್ಪಗೆ, ಕರಡಿಮರಿಯಂಥ ಅಕ್ಷರ. ಇದರ ಕನ್ನಡ ಫಾಂಟಿನ ಹೆಸರು ಬಲೂ ತಮ್ಮ, ತೆಲುಗಿನದು ಬಲೂ ತಮ್ಮುಡು, ತಮಿಳಿನದು ಬಲೂ ತಂಬಿ! ಮೂರೂ ಒಂದೇ ಕೈ ಬರೆದಂತೆ ಕಾಣುತ್ತವೆ. ಮನೆಯ ಮುಂದಿನ ಹೆಸರು ಹಲಗೆಯಲ್ಲಿ ಮೇಲೆ ಕನ್ನಡ, ಕೆಳಗೆ ತಮಿಳು ಹಾಕಿಸುವವರಿಗೆ ಒಂದು ಗಾತ್ರ, ಒಂದು ದಪ್ಪ ಸಿಕ್ಕಿಬಿಡುತ್ತದೆ. ಅದೇ ಸಂಸ್ಥೆ 2022ರಲ್ಲಿ ಹೊರತಂದ ಅನೇಕ್ ಕೂಡ ಹೀಗೆಯೇ, ಸ್ವಲ್ಪ ಗಂಭೀರ ಅಷ್ಟೆ. ಎರಡು ಭಾಷೆಯ ಮನೆಗೆ ಎರಡೂ ಲಿಪಿಯ ಹಲಗೆಯೇ ಚೆಂದ. ಬರೀ ಕನ್ನಡ ಹಾಕಿಸಿದರೆ ಅಂಚೆಯವನಿಗೆ ತೊಂದರೆ, ಬರೀ ತಮಿಳು ಹಾಕಿಸಿದರೆ ಉಡುಗೊರೆಯ ಉದ್ದೇಶವೇ ಹೋಯಿತು.

ತೆಲುಗು ಫಾಂಟನ್ನು ಕನ್ನಡ ಎಂದುಕೊಂಡು ಹಾಕುವ ಅಂಗಡಿಯವರೂ ಇದ್ದಾರೆ. ತಲೆಕಟ್ಟು ನೋಡಿದರೆ ತಿಳಿಯುತ್ತದೆ. ತೆಲುಗಿನದು ಮೇಷ್ಟ್ರು ಹಾಕುವ ರೈಟ್ ಗುರುತಿನಂತೆ, ಕನ್ನಡದ್ದು ಅಡ್ಡಗೆರೆ ಎಳೆದು ತುದಿ ಸುರುಳಿದಂತೆ.

ಮಕ್ಕಳಿಗಾದರೆ ಮರದ ಅಕ್ಷರಗಳು. ಚನ್ನಪಟ್ಟಣದ ಅರಗಿನ ಬಣ್ಣದ ಬೊಂಬೆ ಎಲ್ಲರಿಗೂ ಗೊತ್ತು. ಮರದ ಅಕ್ಷರಗಳಲ್ಲಿ ಎಬಿಸಿಡಿ ಬೇಗ ಸಿಗುತ್ತದೆ, ಕನ್ನಡದ್ದು ಕೇಳಿ ಪಡೆಯಬೇಕಾಗಬಹುದು. ತಮಿಳು ಓದುವ ಮಗುವಿಗೆ 49 ಅಕ್ಷರವನ್ನೂ ಒಟ್ಟಿಗೆ ಸುರಿಯಬೇಕಿಲ್ಲ. ಗ, ಡ, ದ, ಬ ಇಷ್ಟನ್ನು ಮೊದಲು ಕೊಟ್ಟು ನೋಡಿ. ಬಾಯಲ್ಲಿ ದಿನವೂ ಆಡುವ ಸದ್ದಿಗೆ ಬೇರೆಯೇ ಒಂದು ಅಕ್ಷರ ಇದೆ ಎಂದು ಗೊತ್ತಾದರೆ ಮಕ್ಕಳು ತಾವೇ ಮುಂದಿನದನ್ನು ಕೇಳುತ್ತವೆ.

ಕನ್ನಡ ಅಂಕಿಯ ಗೋಡೆ ಗಡಿಯಾರವೂ ಒಳ್ಳೆಯದೇ. ಕರ್ನಾಟಕ ಸಾರಿಗೆ ಬಸ್ಸಿನ ಮೇಲೆ ಕಂಡ ಅಂಕಿ ಮನೆಯಲ್ಲೂ ಕಂಡರೆ ಬೇಗ ಪಾಠವಾಗುತ್ತದೆ. ಖರ್ಚು ಕಡಿಮೆ ಇರಲಿ ಎನ್ನುವವರಿಗೆ ಕ್ಯಾಲೆಂಡರ್ ಇದೆ. 1916ರಲ್ಲಿ ಶುರುವಾದ ಬೆಂಗಳೂರು ಪ್ರೆಸ್ಸಿನ ಕ್ಯಾಲೆಂಡರಿಗಾಗಿ ಕಾಯುವ ಮನೆಗಳು ಇಂದಿಗೂ ಇವೆ.

ನಿಜವಾದ ಅಕ್ಷರಪ್ರಿಯರ ಕಣ್ಣರಳಿಸುವ ವಸ್ತು ಮಾತ್ರ ಬೇರೆಯೇ: ಹಳೆಯ ಅಚ್ಚುಕೂಟದ ಸೀಸದ ಮೊಳೆ. ಒಂದೊಂದು ಮೊಳೆಯ ತುದಿಯಲ್ಲಿ ಒಂದೊಂದು ಉಲ್ಟಾ ಅಕ್ಷರ. ಕಾಗುಣಿತ, ಒತ್ತು ಎಲ್ಲಕ್ಕೂ ಬೇರೆ ಬೇರೆ ಮೊಳೆ ಬೇಕಾದ್ದರಿಂದ ಕನ್ನಡ ಜೋಡಿಸುವವರ ಮುಂದೆ ಇಂಗ್ಲಿಷಿಗಿಂತ ಎಷ್ಟೋ ಹೆಚ್ಚು ಖಾನೆಗಳಿರುತ್ತಿದ್ದವು. ಆಫ್‌ಸೆಟ್ ಬಂದ ಮೇಲೆ ಈ ಮೊಳೆಗಳು ಹಳೇ ಸಾಮಾನಿನ ತೂಕಕ್ಕೆ ಹೋದವು. ಮುಚ್ಚಿದ ಪ್ರೆಸ್ಸುಗಳಲ್ಲಿ ವಿಚಾರಿಸಿದರೆ ಹಿಡಿಯಷ್ಟು ಸಿಕ್ಕರೂ ಸಿಗಬಹುದು. ಪಡೆಯುವವರ ಹೆಸರಿನ ಅಕ್ಷರ ಆರಿಸಿ, ದಾರ ಕಟ್ಟಿ ಕೊಡಿ. ಆದರೆ ಇದು ಸೀಸ, ತವರ, ಆಂಟಿಮನಿ ಬೆರೆಸಿ ಎರಕ ಹೊಯ್ದದ್ದು, ಸೀಸ ವಿಷ. ಮಕ್ಕಳ ಕೈಗೆ ಸಿಗದಂತೆ ಗಾಜಿನ ಮುಚ್ಚಳದ ಡಬ್ಬಿಯಲ್ಲಿಟ್ಟು ಕೊಡಬೇಕು, ಮುಟ್ಟಿದವರು ಕೈ ತೊಳೆದುಕೊಂಡೇ ಊಟಕ್ಕೆ ಕೂರಬೇಕು.