ಹೊಳೆ ಇಳಿದ ಮೇಲೆ ಹೂವಿನ ಹೊಲ

ಬೆಂಗಳೂರಿನಿಂದ ರಾತ್ರಿ ಬಸ್ ಹತ್ತಿ ನೆಲೋಗಿಗೆ ಬಂದಿದ್ದು 2021ರ ಎಳ್ಳ ಅಮಾಸಿಗೆ, ಜನವರಿ 13ಕ್ಕೆ. ಮೂರು ತಿಂಗಳ ಹಿಂದಷ್ಟೇ, ಮಳೆ ಜೊತೆ ಉಜನಿ ಜಲಾಶಯದ ನೀರೂ ಸೇರಿ ಭೀಮಾ ಉಕ್ಕಿತ್ತು. ದಂಡೆಯಲ್ಲಿದ್ದ ನಮ್ಮ ತೊಗರಿ ನಿಂತಲ್ಲೇ ಕೊಳೆತಿತ್ತು. ಈಗ ಅದೇ ಮಣ್ಣಲ್ಲಿ ತಡವಾಗಿ ಬಿತ್ತಿದ ಕಡಲೆ, ಅಂಚಿಗೆ ಅಗಸೆಯ ನೀಲಿ ಹೂ.

ಫೋಟೊ ತೆಗೀತಾ ನಿಂತಿದ್ದೆ. ‘ಮೊದಲ ಬಾ, ಚರಗ ಚೆಲ್ಲೂಣು’ ಅಂತ ದೊಡ್ಡವ್ವ ಕರೆದಳು. ಸಜ್ಜೆ ಕಡಬು, ಭಜ್ಜಿ ಕಲಸಿ ಹೊಲದ ತುಂಬಾ ಚೆಲ್ಲೋದೇ ಚರಗ. ಬೆಳೆ ಉಳಿಸಿಕೊಳ್ಳದ ಹೊಲಕ್ಕೆ ಊಟ ಯಾಕೆ ಅಂತ ಕೇಳೇಬಿಟ್ಟೆ.

‘ತೊಗರಿ ಒಯ್ದಿದ್ದು ಹೊಳಿ. ಭೂಮಿ ಏನ್ ಮಾಡ್ಯಾದ?’

ಬೀಜದ ಸಾಲ ಇನ್ನೂ ತೀರಿಲ್ಲ. ಆದರೂ ನನ್ನ ಕೈಗೆ ಎರಡನೇ ಕಡಬು ಬಂತು. ಭಜ್ಜಿ ಬಗ್ಗೆ ಬೇರೆಯೇ ಲೇಖನ ಬೇಕು, ಬಿಡಿ.